ಜಾನುವಾರು ರೋಗದ ತುರ್ತಿಗೆ ಯಾವ ಅಣಕು ಅಭ್ಯಾಸ? ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗೊಂದು ಹೋಲಿಕೆ

ಪಶುವೈದ್ಯರ ಸಭೆಯಲ್ಲಿ ‘ಒಂದು ಅಣಕು ಕಾರ್ಯಾಚರಣೆ ಮಾಡೋಣ’ ಎಂಬ ಮಾತು ಬಂದ ಕೂಡಲೇ ಬಹುತೇಕರ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ಬಿಳಿ ರಕ್ಷಣಾ ಉಡುಪು ತೊಟ್ಟ ಏಳೆಂಟು ಮಂದಿ, ಒಂದು ಜೆಸಿಬಿ, ಸುಣ್ಣ ಚೆಲ್ಲಿದ ಗುಂಡಿ, ಸ್ವಲ್ಪ ದೂರದಲ್ಲಿ ಶಾಮಿಯಾನ, ಅದರಡಿ ಅಧಿಕಾರಿಗಳು, ಮರುದಿನದ ಪತ್ರಿಕೆಯಲ್ಲಿ ಫೋಟೊ. ಅದನ್ನು ಆಡಿಕೊಳ್ಳುವುದು ನನ್ನ ಉದ್ದೇಶವಲ್ಲ. ಅದಕ್ಕೂ ಅದರದೇ ಆದ ಕಾಲವಿದೆ. ಆದರೆ ರೋಗದ ತುರ್ತಿಗೆ ಸಿಬ್ಬಂದಿಯನ್ನು ಸಜ್ಜುಗೊಳಿಸಲು ಇರುವ ಐದು ಬಗೆಯ ಅಭ್ಯಾಸಗಳಲ್ಲಿ ಅದು ಐದನೆಯದು, ಎಲ್ಲಕ್ಕಿಂತ ದುಬಾರಿಯಾದದ್ದು, ಮತ್ತು ಮೊದಲಿನವುಗಳನ್ನು ಬಿಟ್ಟು ನೇರವಾಗಿ ಅದಕ್ಕೇ ಕೈಹಾಕಿದವರಿಗೆ ಎಲ್ಲಕ್ಕಿಂತ ಕಡಿಮೆ ಕಲಿಸುವಂಥದ್ದು. ತಾಲ್ಲೂಕು ಅಥವಾ ಜಿಲ್ಲಾ ಮಟ್ಟದಲ್ಲಿ ಇಂಥ ಅಭ್ಯಾಸ ನಡೆಸಬೇಕೆಂದಿರುವ ಪಶುವೈದ್ಯರಿಗೆ, ಹಾಲು ಉತ್ಪಾದಕರ ಸಂಘಗಳ ಕಾರ್ಯದರ್ಶಿಗಳಿಗೆ ಮತ್ತು ಪಂಚಾಯಿತಿಯವರಿಗೆ ಆಯ್ಕೆ ಸುಲಭವಾಗಲೆಂದು ಈ ಹೋಲಿಕೆಯನ್ನು ಮಾಡಿದ್ದೇನೆ.

1924ರಲ್ಲಿ ಸ್ಥಾಪನೆಯಾಗಿ ಪ್ಯಾರಿಸ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು ಈ ಅಭ್ಯಾಸಗಳನ್ನು ಎರಡು ಗುಂಪಾಗಿ ನೋಡುತ್ತದೆ. ಕುಳಿತು ಚರ್ಚಿಸುವಂಥವು ಒಂದು ಗುಂಪು: ಪರಿಚಯ ಗೋಷ್ಠಿ ಮತ್ತು ಟೇಬಲ್ ಟಾಪ್ ಅಭ್ಯಾಸ ಇದರಲ್ಲಿ ಬರುತ್ತವೆ. ಎದ್ದು ಕೆಲಸ ಮಾಡಿ ನೋಡುವಂಥವು ಇನ್ನೊಂದು: ಡ್ರಿಲ್, ಫಂಕ್ಷನಲ್ ಅಭ್ಯಾಸ ಮತ್ತು ಪೂರ್ಣ ಪ್ರಮಾಣದ ಕ್ಷೇತ್ರ ಅಭ್ಯಾಸ. ಇವುಗಳನ್ನು ಮೆಟ್ಟಿಲುಗಳಂತೆ ಒಂದಾದ ಮೇಲೊಂದು ಹತ್ತಲೇಬೇಕೆಂಬ ನಿಯಮವೇನೂ ಇಲ್ಲ. ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಷ್ಟು ಅನುದಾನವಿದೆ’ ಎಂಬುದಲ್ಲ, ‘ನಮ್ಮ ವ್ಯವಸ್ಥೆಯಲ್ಲಿ ಯಾವ ಭಾಗದ ಮೇಲೆ ನಮಗೇ ಅನುಮಾನವಿದೆ’ ಎಂಬುದು. ಯಾರು ತೀರ್ಮಾನ ತೆಗೆದುಕೊಳ್ಳಬೇಕು ಎಂಬುದರಲ್ಲಿ ಗೊಂದಲವಿದ್ದರೆ ಟೇಬಲ್ ಟಾಪ್ ಸಾಕು. ತೀರ್ಮಾನ ಸ್ಪಷ್ಟವಿದ್ದು ಅದನ್ನು ಮಾಡುವ ಕೈಗಳಿಗೆ ಪಳಗಿಕೆ ಇಲ್ಲದಿದ್ದರೆ ಡ್ರಿಲ್ ಬೇಕು. ಕೈಗಳೂ ಪಳಗಿದ್ದು, ಸುದ್ದಿ, ಸಾಮಾನು, ಮಾದರಿಗಳು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತಿಗೆ ಸರಿಯಾಗಿ ತಲುಪುತ್ತವೆಯೇ ಎಂಬ ಸಂಶಯವಿದ್ದರೆ ಫಂಕ್ಷನಲ್ ಅಭ್ಯಾಸ. ಇವೆಲ್ಲ ಬಿಡಿಬಿಡಿಯಾಗಿ ಸರಿಯಿದ್ದು ಒಟ್ಟಿಗೆ ನಡೆಯುತ್ತವೆಯೇ ಎಂದು ನೋಡಬೇಕಾದಾಗ ಮಾತ್ರ ಜೆಸಿಬಿ ಮತ್ತು ಶಾಮಿಯಾನ.

ಪರಿಚಯ ಗೋಷ್ಠಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹೊಸದಾಗಿ ಸೇರಿದವರಿಗೆ, ಬೇರೆ ಇಲಾಖೆಯಿಂದ ಬಂದವರಿಗೆ ತುರ್ತು ಯೋಜನೆಯ ಪುಟಗಳನ್ನು ತೆರೆದು ತೋರಿಸಲು ಅದು ಒಳ್ಳೆಯದು. ಅರ್ಧ ದಿನದಲ್ಲಿ ಮುಗಿಯುತ್ತದೆ. ಅದರಿಂದ ಯಾವುದೂ ಪರೀಕ್ಷೆಗೆ ಒಳಗಾಗುವುದಿಲ್ಲವಾದ್ದರಿಂದ ‘ಈ ವರ್ಷದ ಅಭ್ಯಾಸ ಮುಗಿಯಿತು’ ಎಂದು ಅದನ್ನು ವರದಿಯಲ್ಲಿ ಬರೆದುಕೊಳ್ಳುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

ಮೇಜಿನ ಸುತ್ತ ನಡೆಯುವ ಪರೀಕ್ಷೆ

ನನ್ನ ಲೆಕ್ಕದಲ್ಲಿ, ಈವರೆಗೆ ಯಾವ ಅಭ್ಯಾಸವನ್ನೂ ಮಾಡದ ತಾಲ್ಲೂಕು ಮೊದಲು ಮಾಡಬೇಕಾದದ್ದು ಟೇಬಲ್ ಟಾಪ್. ಖರ್ಚು ಎಂದರೆ ಹದಿನೈದು ಜನರ ಊಟ, ತಾಲ್ಲೂಕಿನ ಒಂದು ದೊಡ್ಡ ನಕ್ಷೆ, ಮತ್ತು ಮೊದಲೇ ಬರೆದಿಟ್ಟ ಇಪ್ಪತ್ತು ಚೀಟಿಗಳು. ಆದರೆ ಆ ಚೀಟಿಗಳನ್ನು ಬರೆಯಲು ಒಂದು ತಿಂಗಳಾದರೂ ಬೇಕಾಗುತ್ತದೆ, ಏಕೆಂದರೆ ಅಭ್ಯಾಸದ ಜೀವವಿರುವುದೇ ಅವುಗಳಲ್ಲಿ.

ಚನ್ನರಾಯಪಟ್ಟಣದ ಕಡೆಯ ಹಳ್ಳಿಯೊಂದನ್ನು ಊಹಿಸಿಕೊಳ್ಳೋಣ. ನಡೆಸುವವರು ಮೊದಲ ಚೀಟಿಯನ್ನು ಓದುತ್ತಾರೆ: ‘ಬೆಳಿಗ್ಗೆ 7.40. ಡೇರಿ ಕಾರ್ಯದರ್ಶಿಯ ಕರೆ. ಒಂದೇ ಕೊಟ್ಟಿಗೆಯ ಮೂರು ಮಿಶ್ರತಳಿ ಹಸುಗಳು ಜೊಲ್ಲು ಸುರಿಸುತ್ತಿವೆ, ಒಂದು ಕುಂಟುತ್ತಿದೆ, ಮೇವು ಮುಟ್ಟುತ್ತಿಲ್ಲ. ಆ ಮನೆಯವರು ಈ ಬೆಳಿಗ್ಗೆಯೂ ಹಾಲು ಹಾಕಿದ್ದಾರೆ.’ ಪಶುವೈದ್ಯರು ತಕ್ಷಣ ಕಾಲುಬಾಯಿ ರೋಗದ ಅನುಮಾನ ಎನ್ನುತ್ತಾರೆ, ಮಾದರಿ ತೆಗೆಯುವ ಮಾತಾಡುತ್ತಾರೆ, ಸುತ್ತಲಿನ ಹಳ್ಳಿಗಳಲ್ಲಿ ಲಸಿಕೆಯ ದಾಖಲೆ ನೋಡಬೇಕೆನ್ನುತ್ತಾರೆ. ಎಲ್ಲವೂ ಸರಿಯೇ. ಆಗ ಎರಡನೆಯ ಚೀಟಿ: ‘ಆ ಹಾಲು ಹೋದ ಕ್ಯಾನುಗಳು ಈಗ ಎಲ್ಲಿವೆ? ಲಾರಿಯನ್ನು ನಿಲ್ಲಿಸುವ ಅಧಿಕಾರ ಯಾರದು?’ ಹೀಗೆ ನಡೆದ ಒಂದು ಅಭ್ಯಾಸದಲ್ಲಿ ಕೋಣೆ ಒಂದು ನಿಮಿಷ ಸುಮ್ಮನಾಯಿತು. ಕೊನೆಗೆ ಮೂಲೆಯಲ್ಲಿ ಕುಳಿತಿದ್ದ ಡೇರಿ ಕಾರ್ಯದರ್ಶಿಯೊಬ್ಬರು, ‘ಸಾರ್, ನೀವು ಇಷ್ಟು ಮಾತಾಡೋ ಹೊತ್ತಿಗೆ ಲಾರಿ ಇನ್ನು ನಾಲ್ಕು ಊರು ದಾಟಿರುತ್ತೆ, ಖಾಲಿ ಕ್ಯಾನ್ ಇಳಿಸ್ಕೊಂಡೇ ಹೋಗಿರುತ್ತೆ’ ಎಂದರು. ಆ ಒಂದು ಮಾತಿಗಾಗಿ ಆ ದಿನದ ಊಟದ ಖರ್ಚು ಸಾರ್ಥಕವಾಯಿತು. ಕಾಲುಬಾಯಿ ರೋಗದ ವೈರಸ್ ಬಾಯಲ್ಲಿ ಬೊಕ್ಕೆ ಕಾಣುವುದಕ್ಕೆ ಕೆಲವು ದಿನ ಮೊದಲೇ ಹಾಲಿನಲ್ಲಿ ಬರತೊಡಗುತ್ತದೆ. ಕ್ಯಾನು, ಚಕ್ರ, ಚಪ್ಪಲಿಗಳ ಮೂಲಕ ಅದು ಊರೂರು ದಾಟಬಲ್ಲದು. ನಮ್ಮ ಯೋಜನೆಯ ಪುಸ್ತಕದಲ್ಲಿ ಚೆಕ್‌ಪೋಸ್ಟ್ ಇತ್ತು, ಸಂತೆ ನಿಲ್ಲಿಸುವ ಮಾತಿತ್ತು. ಹಾಲಿನ ಲಾರಿ ಇರಲಿಲ್ಲ.

ಟೇಬಲ್ ಟಾಪ್‌ನ ಬಲ ಇದು: ಕಾಗದದ ಮೇಲಿನ ಕ್ರಮಕ್ಕೂ ಊರಿನ ನಡವಳಿಕೆಗೂ ಇರುವ ಅಂತರ ಅಲ್ಲಿ ಬಯಲಾಗುತ್ತದೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರ 2009ರಲ್ಲಿ ತಂದ ಕಾಯ್ದೆಯ ಪ್ರಕಾರ ರೋಗದ ಅನುಮಾನ ಬಂದ ಮಾಲೀಕರು ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು, ಅವರು ಹತ್ತಿರದ ಪಶುವೈದ್ಯರಿಗೆ ತಿಳಿಸಬೇಕು. ವಾಸ್ತವದಲ್ಲಿ ರೈತರು ಮೊದಲು ಫೋನ್ ಮಾಡುವುದು ಕೃತಕ ಗರ್ಭಧಾರಣೆಗೆ ಬರುವ ಕಾರ್ಯಕರ್ತರಿಗೆ, ಇಲ್ಲವೇ ಡೇರಿ ಕಾರ್ಯದರ್ಶಿಗೆ. ಈಚೆಗೆ 1962 ಸಂಖ್ಯೆಯ ಪಶು ಸಂಜೀವಿನಿ ವಾಹನಕ್ಕೆ. ಆದ್ದರಿಂದ ಇವರಿಲ್ಲದೆ, ಕೇವಲ ಪಶುವೈದ್ಯರು ಕುಳಿತು ಮಾಡುವ ಟೇಬಲ್ ಟಾಪ್ ಒಂದೇ ಬಣ್ಣದ ಕಾಯಿಗಳಿಂದ ಚದುರಂಗ ಆಡಿದಂತೆ. ಜೊತೆಗೆ ಪೊಲೀಸ್ ಠಾಣೆಯಿಂದ ಒಬ್ಬರು, ಕಂದಾಯ ನಿರೀಕ್ಷಕರು, ಸಂತೆ ಹರಾಜು ಹಿಡಿದವರು ಇರಲಿ.

ಇದರ ದೌರ್ಬಲ್ಯವನ್ನೂ ಹೇಳಬೇಕು. ಮೇಜಿನ ಮುಂದೆ ಎಲ್ಲವೂ ಐದು ನಿಮಿಷದಲ್ಲಿ ಆಗಿಬಿಡುತ್ತದೆ. ‘ತಂಡ ಕಳಿಸುತ್ತೇವೆ’ ಎಂದವರು ವಾಹನಕ್ಕೆ ಡೀಸೆಲ್ ಇದೆಯೇ ಎಂದು ನೋಡಬೇಕಾಗಿಲ್ಲ. ಹಿರಿಯ ಅಧಿಕಾರಿಯೊಬ್ಬರು ಮೊದಲೇ ಉತ್ತರ ಹೇಳಿಬಿಟ್ಟರೆ ಉಳಿದವರೆಲ್ಲ ತಲೆಯಾಡಿಸುವುದೂ ಉಂಟು. ಅದಕ್ಕಾಗಿ ಪ್ರತಿ ಚೀಟಿಗೆ ಮೊದಲು ಅತ್ಯಂತ ಕಿರಿಯರೇ ಉತ್ತರಿಸಬೇಕೆಂಬ ನಿಯಮ ಇಟ್ಟುಕೊಳ್ಳುವುದು ಮೇಲು.

ಡ್ರಿಲ್: ಸಣ್ಣದು, ಆದರೆ ಸುಳ್ಳು ಹೇಳದು

ಒಂದೇ ಒಂದು ಕೆಲಸವನ್ನು ತೆಗೆದುಕೊಂಡು, ಅದನ್ನು ಮಾಡಬೇಕಾದವರೇ, ಅದಕ್ಕೆ ಬಳಸುವ ಸಾಮಾನಿನಿಂದಲೇ, ಗಡಿಯಾರ ಹಿಡಿದು ಮಾಡುವುದು ಡ್ರಿಲ್. ರಕ್ಷಣಾ ಉಡುಪು ತೊಟ್ಟು ಕಳಚುವುದು, ಬೊಕ್ಕೆಯ ಪೊರೆಯ ಮಾದರಿ ತೆಗೆದು, ಅದು ಕೆಡದಂತೆ ಕಾಯುವ ಗ್ಲಿಸರಾಲ್ ಬಫರ್‌ನಲ್ಲಿಟ್ಟು ಮೂರು ಪದರದಲ್ಲಿ ಪ್ಯಾಕ್ ಮಾಡುವುದು, ಕೊಟ್ಟಿಗೆಯನ್ನು ತೊಳೆದು ಸೋಂಕು ನಿವಾರಿಸುವುದು, ಇಂಥವು. ತಿಂಗಳ ಸಭೆಯ ದಿನ ಒಂದು ಗಂಟೆ ಮೀಸಲಿಟ್ಟರೂ ಆಗುತ್ತದೆ. ಬೇರೆ ಯಾವ ಬಗೆಯ ಅಭ್ಯಾಸವೂ ಕೊಟ್ಟ ಹಣಕ್ಕೆ ಇಷ್ಟು ಕಲಿಸಿದ್ದನ್ನು ನಾನು ಕಂಡಿಲ್ಲ.

ಉಡುಪು ಕಳಚುವ ಡ್ರಿಲ್ ಒಂದಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಎಲ್ಲರ ಕೈಗವಸಿಗೆ ‘ಇದು ಹಸುವಿನ ಜೊಲ್ಲು ಎಂದುಕೊಳ್ಳಿ’ ಎಂದು ಬಳಿದಿದ್ದೆವು. ಇಪ್ಪತ್ತು ವರ್ಷ ಸೇವೆ ಮಾಡಿದವರೊಬ್ಬರು ಆತ್ಮವಿಶ್ವಾಸದಿಂದ ಕಳಚಿ ನಿಂತರು. ಅವರ ಎಡಕಿವಿಯ ಹಿಂದೆ ಒಂದು ಗೆರೆ, ಕನ್ನಡಕದ ಕಾಲಿನ ಮೇಲೆ ಎರಡು ಬೆರಳಚ್ಚು, ಜೇಬಿನಲ್ಲಿದ್ದ ಮೊಬೈಲಿನ ಅಂಚಿನಲ್ಲಿ ಒಂದು ಚುಕ್ಕೆ, ಎಲ್ಲ ನೀಲಿ. ಫೋನ್ ರಿಂಗಾದಾಗ ಕೈ ಅಲ್ಲಿಗೆ ಹೋದದ್ದು ಅವರಿಗೇ ನೆನಪಿರಲಿಲ್ಲ. ಹಕ್ಕಿ ಜ್ವರವಾಗಿದ್ದರೆ ಆ ಬೆರಳು ಅವರಿಗೇ ಅಪಾಯ. ಕಾಲುಬಾಯಿ ರೋಗವಾಗಿದ್ದರೆ ಆ ಫೋನು ಮುಂದಿನ ಕೊಟ್ಟಿಗೆಗೆ ಅಪಾಯ.

ಸೋಂಕು ನಿವಾರಣೆಯ ಡ್ರಿಲ್‌ನಲ್ಲಿ ಇನ್ನೊಂದು ಪಾಠವಾಯಿತು. ಕಾಲುಬಾಯಿ ರೋಗದ ವೈರಸ್ಸಿಗೆ ಶೇ 4ರ ವಾಷಿಂಗ್ ಸೋಡಾ ದ್ರಾವಣ ಸಾಕು, ಅಂದರೆ 10 ಲೀಟರ್ ನೀರಿಗೆ 400 ಗ್ರಾಂ. ಆದರೆ ಸಗಣಿ, ಕಸವನ್ನು ಮೊದಲು ತೆಗೆದು ತೊಳೆದಿರಬೇಕು. ಸಾಮಾನು ತರಲು ಹೋದವರು ಅಂಗಡಿಯಿಂದ ತಂದದ್ದು ಅಡುಗೆ ಸೋಡಾ. ಬಿಳಿ ಪುಡಿ, ಹೆಸರಿನಲ್ಲಿ ಸೋಡಾ, ತಪ್ಪೇನೋ ಸಹಜವೇ. ಆದರೆ ಅದನ್ನು ಎಷ್ಟು ಕಲಸಿದರೂ ಆ ವೈರಸ್ಸನ್ನು ಕೊಲ್ಲುವಷ್ಟು ಕ್ಷಾರ ಬರುವುದಿಲ್ಲ. ರೋಗ ಬಂದ ದಿನ ಈ ತಪ್ಪಾಗಿದ್ದರೆ ನಾವು ನಾಲ್ಕು ದಿನ ಅದನ್ನೇ ಸಿಂಪಡಿಸಿ ನೆಮ್ಮದಿಯಾಗಿರುತ್ತಿದ್ದೆವು. ಪಂಪಿನ ವಿಷಯದಲ್ಲಿ ಮಾತ್ರ ನಮ್ಮ ಸೀಮೆಗೊಂದು ಅನುಕೂಲವಿದೆ: ಕಾಫಿ, ಅಡಿಕೆಗೆ ಬೋರ್ಡೋ ಸಿಂಪಡಿಸುವ ಪಂಪುಗಳು ಮಲೆನಾಡಿನ ತೋಟಗಳಲ್ಲಿ ಹೇರಳವಾಗಿವೆ. ಯಾರ ಮನೆಯಲ್ಲಿ ಯಾವುದಿದೆ ಎಂಬ ಪಟ್ಟಿ ಮೊದಲೇ ಇದ್ದರೆ ಜಿಲ್ಲಾ ಕೇಂದ್ರದಿಂದ ಪಂಪು ಬರುವವರೆಗೆ ಕಾಯಬೇಕಾಗಿಲ್ಲ.

ಎಲ್ಲ ಡ್ರಿಲ್‌ಗಳೂ ‘ಮಾಡು’ ಎನ್ನುವಂಥವಲ್ಲ. ‘ಮಾಡಬೇಡ’ ಎನ್ನುವವೂ ಇವೆ. ಮೈ ಊದಿಕೊಂಡು, ಮೂಗು ಗುದದ್ವಾರಗಳಿಂದ ಕಪ್ಪು ರಕ್ತ ಸುರಿದು ದಿಢೀರನೆ ಸತ್ತ ದನದ ಮುಂದೆ ತಂಡವನ್ನು ನಿಲ್ಲಿಸಿದೆವೆಂದು ಭಾವಿಸಿ. ನೆರಡಿ (ಆಂಥ್ರಾಕ್ಸ್) ರೋಗದ ಅನುಮಾನವಿದ್ದ ಕಳೇಬರವನ್ನು ಕೊಯ್ಯಬಾರದು, ಕೊಯ್ದರೆ ಗಾಳಿ ತಾಗಿ ರೋಗಾಣು ಬೀಜಕಣವಾಗಿ ದಶಕಗಟ್ಟಲೆ ಆ ಮಣ್ಣಿನಲ್ಲಿ ಉಳಿಯುತ್ತದೆ, ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿದರೆ ಸಾಕು ಎಂಬುದು ಓದಿದವರಿಗೆಲ್ಲ ಗೊತ್ತು. ಸುತ್ತ ನಲವತ್ತು ಜನ ನಿಂತು ‘ಡಾಕ್ಟ್ರೇ, ಕೊಯ್ದು ನೋಡಿ, ವಿಮೆಗೆ ಬೇಕು’ ಎಂದು ಒತ್ತಾಯಿಸುವಾಗ ಕತ್ತಿಯನ್ನು ಚೀಲದಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಬೇರೆಯೇ. ಆ ನಲವತ್ತು ಜನರ ಪಾತ್ರವನ್ನು ಊರಿನವರಿಂದಲೇ ಮಾಡಿಸಬೇಕು. ಅವರು ಅದನ್ನು ಬಹಳ ಚೆನ್ನಾಗಿ ಮಾಡುತ್ತಾರೆ.

ಫೋನು ಎತ್ತುತ್ತಾರೆಯೇ?

ಫಂಕ್ಷನಲ್ ಅಭ್ಯಾಸದಲ್ಲಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಇರುತ್ತಾರೆ. ದನ, ಕೋಳಿ, ಗುಂಡಿ ಎಲ್ಲ ಕಲ್ಪಿತ. ಆದರೆ ಫೋನ್ ಕರೆ, ಪತ್ರ, ಆದೇಶದ ಕರಡು, ವಾಹನ, ಮಾದರಿಯ ಪೆಟ್ಟಿಗೆ, ಹಾದಿಯಲ್ಲಿ ಕಳೆಯುವ ಹೊತ್ತು ಇವಕ್ಕೆ ಕಲ್ಪನೆಯ ಬೆರಕೆಯಿಲ್ಲ. ಹಕ್ಕಿ ಜ್ವರಕ್ಕೆ ಇದು ಹೇಳಿ ಮಾಡಿಸಿದ ವಿಧಾನ. ಭೋಪಾಲದಲ್ಲಿರುವ ರಾಷ್ಟ್ರೀಯ ಉನ್ನತ ಸುರಕ್ಷತಾ ಪ್ರಾಣಿರೋಗ ಪ್ರಯೋಗಾಲಯ ದೃಢಪಡಿಸಿದ ಮೇಲೆಯೇ ಸುತ್ತಲಿನ 1 ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನು ಕೊಲ್ಲುವ, 10 ಕಿಲೋಮೀಟರ್‌ವರೆಗೆ ಕಣ್ಗಾವಲಿಡುವ ಕ್ರಮ ಜಾರಿಗೆ ಬರುತ್ತದೆ. ಹಾಗಾದರೆ ಅರಸೀಕೆರೆಯ ಒಂದು ಶೆಡ್ಡಿನಿಂದ ಹೊರಟ ಪೆಟ್ಟಿಗೆ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯನ್ನು ದಾಟಿ ಭೋಪಾಲಕ್ಕೆ ಹೋಗುವ ಹಾದಿಯಲ್ಲಿ ಮಂಜುಗಡ್ಡೆ ಎಷ್ಟು ಹೊತ್ತು ಉಳಿಯುತ್ತದೆ? ಭಾನುವಾರ ಪೆಟ್ಟಿಗೆಯನ್ನು ಯಾರು ಸಹಿ ಹಾಕಿ ಪಡೆಯುತ್ತಾರೆ? ಈ ಪ್ರಶ್ನೆಗಳಿಗೆ ಮೇಜಿನ ಮುಂದೆ ಉತ್ತರ ಸಿಗುವುದಿಲ್ಲ. ಖಾಲಿ ಶೀಸೆಗಳಿರುವ ಪೆಟ್ಟಿಗೆಯನ್ನು ಭಾನುವಾರವೇ ಕಳಿಸಿ ನೋಡಬೇಕು. ಅದಕ್ಕೂ ಮೊದಲು ಆ ಎರಡೂ ಕಡೆಯವರ ಒಪ್ಪಿಗೆ ಪಡೆದಿರಬೇಕೆಂದು ಬೇರೆ ಹೇಳಬೇಕಿಲ್ಲ.

ಮಲೆನಾಡಿನಲ್ಲಿ ಇದಕ್ಕೊಂದು ಸ್ಥಳೀಯ ತೊಡಕಿದೆ. ಕಳಸ, ಮೂಡಿಗೆರೆ, ಸಕಲೇಶಪುರದ ಘಟ್ಟದಂಚಿನ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲೆ ಹೋದಾಗ, ಕರೆಂಟು ಹೋದರೆ ಅದೂ ಇಲ್ಲ. ವಾಟ್ಸ್‌ಆ್ಯಪ್ ಗುಂಪನ್ನೇ ನಂಬಿಕೊಂಡ ಯೋಜನೆ ಅಲ್ಲಿ ಮೊದಲ ಗಂಟೆಯಲ್ಲೇ ಮುರಿದು ಬೀಳುತ್ತದೆ. ಮತ್ತೊಂದು ಎಚ್ಚರಿಕೆ: ಕಳಿಸುವ ಪ್ರತಿ ಸಂದೇಶದ ಮೊದಲಲ್ಲೂ ಕೊನೆಯಲ್ಲೂ ‘ಇದು ಅಣಕು ಅಭ್ಯಾಸ’ ಎಂದು ಬರೆದಿರಲೇಬೇಕು, ಕರೆಯಲ್ಲಾದರೆ ಮೊದಲ ಮಾತೇ ಅದಾಗಿರಬೇಕು. ಹಕ್ಕಿ ಜ್ವರದ ಒಂದು ಸುಳ್ಳು ಸುದ್ದಿ ಸ್ಕ್ರೀನ್‌ಶಾಟ್ ಆಗಿ ಹೊರಬಿದ್ದರೆ ಮರುದಿನ ಕೋಳಿಯ ದರ ಏನಾಗುತ್ತದೆಂದು ಸಾಕಿದವರನ್ನು ಕೇಳಬೇಕು.

ಪೂರ್ಣ ಪ್ರಮಾಣ ಯಾವಾಗ?

1872ರಿಂದ ಕಾಲುಬಾಯಿ ರೋಗವನ್ನೇ ಕಾಣದ ಆಸ್ಟ್ರೇಲಿಯಾ 2002ರಲ್ಲಿ ‘ಮಿನೊಟಾರ್’ ಎಂಬ ಹೆಸರಿನಲ್ಲಿ ಆ ರೋಗ ಬಂದಂತೆ ದೇಶಮಟ್ಟದ ಅಭ್ಯಾಸ ನಡೆಸಿತು. ಅದಕ್ಕೆ ಪ್ರೇರಣೆ ಹಿಂದಿನ ವರ್ಷ ಬ್ರಿಟನ್ನಿನಲ್ಲಿ ಆದದ್ದು. ಅಲ್ಲಿ 2001ರ ಫೆಬ್ರುವರಿ 20ರಂದು ರೋಗ ದೃಢಪಟ್ಟಿತು, ಜಾನುವಾರು ಸಾಗಣೆಗೆ ದೇಶವ್ಯಾಪಿ ತಡೆ ಬಿದ್ದದ್ದು 23ರಂದು. ಅಷ್ಟರಲ್ಲಿ ಕುರಿಗಳು ಸಂತೆಗಳಿಂದ ದೇಶದ ಮೂಲೆಮೂಲೆಗೆ ಹೋಗಿಯಾಗಿತ್ತು. ಮುಗಿಯುವ ಹೊತ್ತಿಗೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಲಾಗಿತ್ತು. ನಮ್ಮಲ್ಲಿ 2024ರ ಆಗಸ್ಟ್ ಕೊನೆಯಲ್ಲಿ ರಾಜಸ್ಥಾನದ ಅಜ್ಮೇರಿನಲ್ಲಿ ‘ವಿಷಾಣು ಯುದ್ಧ ಅಭ್ಯಾಸ’ ನಡೆಯಿತು. ಪ್ರಾಣಿಯಿಂದ ಮನುಷ್ಯರಿಗೆ ಹರಡುವ ರೋಗವೊಂದರ ಕಲ್ಪಿತ ಸನ್ನಿವೇಶಕ್ಕೆ ಆರೋಗ್ಯ, ಪಶುಪಾಲನೆ, ಅರಣ್ಯದವರು ಒಟ್ಟಾಗಿ ಹೇಗೆ ಸ್ಪಂದಿಸುತ್ತಾರೆಂಬುದನ್ನು ಅದು ನೋಡಿತು. ಇಂಥವಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕು. ಒಂದು ಜಿಲ್ಲೆ ತನ್ನಷ್ಟಕ್ಕೆ ಇದನ್ನು ಪ್ರತಿವರ್ಷ ಮಾಡುವ ಅಗತ್ಯವಿಲ್ಲ; ಮೂರ್ನಾಲ್ಕು ವರ್ಷಕ್ಕೊಮ್ಮೆ, ಅದೂ ಡ್ರಿಲ್‌ಗಳಲ್ಲಿ ಕಂಡ ಲೋಪಗಳನ್ನು ತಿದ್ದಿಕೊಂಡ ಮೇಲೆ ಮಾಡಿದರೆ ಸಾಕು.

ರೋಗಕ್ಕೆ ತಕ್ಕಂತೆಯೂ ಆಯ್ಕೆ ಬದಲಾಗುತ್ತದೆ. ಚರ್ಮಗಂಟು ರೋಗ 2019ರಲ್ಲಿ ಒಡಿಶಾದಲ್ಲಿ ದೇಶದೊಳಗೆ ಮೊದಲು ಕಾಣಿಸಿಕೊಂಡು 2022ರಲ್ಲಿ ನಮ್ಮ ರಾಜ್ಯವನ್ನೂ ಕಾಡಿತು. ಕಚ್ಚುವ ನೊಣ, ಸೊಳ್ಳೆಗಳಿಂದ ಹರಡುವುದರಿಂದ ಚೆಕ್‌ಪೋಸ್ಟಿನ ಡ್ರಿಲ್‌ಗಿಂತ, ಜಾತ್ರೆ ನಿಲ್ಲಿಸುವ ತೀರ್ಮಾನದ ಟೇಬಲ್ ಟಾಪ್ ಅಲ್ಲಿ ಹೆಚ್ಚು ಉಪಯೋಗಿ. ಬೂಕನಬೆಟ್ಟದ ದನಗಳ ಜಾತ್ರೆಗೆ ಇನ್ನು ವಾರವಿದೆ, ಎತ್ತಿನ ಜೋಡಿಗಳು ದಾರಿಯಲ್ಲಿವೆ, ಅಥವಾ ಅಂತರಘಟ್ಟೆಯ ಜಾತ್ರೆಗೆ ಎತ್ತಿನ ಗಾಡಿಗಳು ಹೊರಟಿವೆ ಎಂಬ ಸನ್ನಿವೇಶವನ್ನಿಟ್ಟು, ‘ಈಗ ನಿಲ್ಲಿಸಿದರೆ ಅರ್ಧ ದಾರಿಯಲ್ಲಿರುವ ಎತ್ತುಗಳು ಎಲ್ಲಿ ತಂಗಬೇಕು, ನೀರು ಮೇವು ಯಾರು ಕೊಡಬೇಕು’ ಎಂದು ಕೇಳಿದರೆ ಚರ್ಚೆ ತಾನಾಗಿ ಬಿಸಿಯೇರುತ್ತದೆ. ಅಜ್ಜಂಪುರದ ಅಮೃತ್ ಮಹಲ್ ತಳಿ ಕೇಂದ್ರದಂಥ ಕಡೆ ಒಂದೇ ಆವರಣದಲ್ಲಿ ಅಮೂಲ್ಯ ತಳಿಯ ದನಗಳಿರುವುದರಿಂದ ಅಲ್ಲಿಗೆ ಬೇಕಾದದ್ದು ಗೇಟಿನ ಡ್ರಿಲ್: ಯಾರು ಒಳಬರುತ್ತಾರೆ, ಕಾಲು ಅದ್ದುವ ತೊಟ್ಟಿಯಲ್ಲಿ ಏನಿದೆ, ಅದನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ.

ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರಿಗೆ ಮಂಗನ ಕಾಯಿಲೆಯ ಅಭ್ಯಾಸವನ್ನೇ ಮೊದಲು ಮಾಡಿರೆಂದು ಹೇಳುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗದಲ್ಲಿ ಸತ್ತ ಮಂಗ ಮೊದಲ ಎಚ್ಚರಿಕೆ. ಆ ಮಂಗ ಕಾಡಿನಲ್ಲಿ ಬಿದ್ದರೆ ಅರಣ್ಯದವರದು, ಕೊಯ್ಯುವುದು ಪಶುವೈದ್ಯರು, ಸುತ್ತ 50 ಮೀಟರ್ ಉಣುಗು ನಾಶಕ ಹಾಕಿ ಊರವರಿಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚುವುದು ಆರೋಗ್ಯದವರು. ಮೂರು ಇಲಾಖೆಗಳ ಮಧ್ಯೆ ಒಂದು ಕಳೇಬರ ಎಷ್ಟು ಹೊತ್ತು ಬಿದ್ದಿರುತ್ತದೆ ಎಂಬುದನ್ನು ಅಳೆಯಲು ಫಂಕ್ಷನಲ್ ಅಭ್ಯಾಸವೇ ಬೇಕು. ಹುಲ್ಲು ತುಂಬಿದ ಗೊಂಬೆಯೊಂದನ್ನು ತೋಟದಂಚಿನಲ್ಲಿಟ್ಟು, ಕಂಡವರ ಮೊದಲ ಕರೆಯಿಂದ ಗಡಿಯಾರ ಹಿಡಿದರಾಯಿತು.

ಯಾವ ಬಗೆಯನ್ನೇ ಆರಿಸಿಕೊಂಡರೂ, ನೋಡಿ ಬರೆದುಕೊಳ್ಳುವವರು ಹೊರಗಿನವರಾಗಿರಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದರಿಂದ ಅಲ್ಲಿನ ಅಧ್ಯಾಪಕರನ್ನೂ ಅಂತಿಮ ವರ್ಷದ ವಿದ್ಯಾರ್ಥಿಗಳನ್ನೂ ಕೇಳಿಕೊಳ್ಳಬಹುದು. ಅಭ್ಯಾಸ ಮುಗಿದ ಅರ್ಧ ಗಂಟೆಯೊಳಗೆ, ಚಹಾ ಆರುವ ಮುನ್ನ, ಏನು ತಪ್ಪಿತೆಂದು ಎಲ್ಲರೂ ಹೇಳಬೇಕು. ವಾರದೊಳಗೆ ಬರೆದ ವರದಿಯಲ್ಲಿ ಪ್ರತಿ ಲೋಪದ ಮುಂದೆ ಸರಿಪಡಿಸುವವರ ಹುದ್ದೆಯೂ ದಿನಾಂಕವೂ ಇರಬೇಕು. ‘ಎಲ್ಲವೂ ಸುಸೂತ್ರವಾಗಿ ನಡೆಯಿತು’ ಎಂಬ ವರದಿ ಬಂದರೆ ಸನ್ನಿವೇಶ ತೀರ ಸುಲಭದ್ದಾಗಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ.

ಇನ್ನು ದಿನಾಂಕದ ಪ್ರಶ್ನೆ. ಆರು ತಿಂಗಳಿಗೊಮ್ಮೆ ಬರುವ ಕಾಲುಬಾಯಿ ಲಸಿಕಾ ಸುತ್ತಿನ ದಿನಗಳನ್ನು ಬಿಡಬೇಕು, ಆಗ ಸಿಬ್ಬಂದಿಯೆಲ್ಲ ಕೊಟ್ಟಿಗೆಗಳಲ್ಲಿರುತ್ತಾರೆ. ಟೇಬಲ್ ಟಾಪ್ ಯಾವಾಗಲಾದರೂ ಆದೀತು. ಆದರೆ ಕಳೇಬರ ಹೂಳುವ ಡ್ರಿಲ್ಲಿಗೆ ಎಲ್ಲರೂ ಅನುಕೂಲ ನೋಡಿ ಜನವರಿಯನ್ನು ಆರಿಸುವುದು ವಾಡಿಕೆ. ಅದನ್ನು ನಾನು ಒಪ್ಪುವುದಿಲ್ಲ. 2 ಮೀಟರ್ ಉದ್ದ, 2 ಮೀಟರ್ ಅಗಲ, 2 ಮೀಟರ್ ಆಳದ ಗುಂಡಿಯಲ್ಲಿ ಸುಮಾರು 1,800 ಕೋಳಿಗಳನ್ನು ಹೂಳಬಹುದೆಂಬ ಲೆಕ್ಕ ಒಣನೆಲಕ್ಕೆ ಸರಿ. ಸಕಲೇಶಪುರದಲ್ಲಿ ಜುಲೈ ತಿಂಗಳಲ್ಲಿ ಅಷ್ಟೇ ಗುಂಡಿ ತೋಡಿಸಿ ನೋಡಬೇಕು. ಅರ್ಧ ಆಳಕ್ಕೇ ಒರತೆಯ ನೀರು ಬಂದು, ಜೆಸಿಬಿಯ ಚಕ್ರ ಕೆಸರಲ್ಲಿ ಹೂತು, ಬೇರೆ ಎತ್ತರದ ಜಾಗವನ್ನು ಯಾರ ತೋಟದಲ್ಲಿ ಕೇಳಬೇಕೆಂದು ಮಳೆಯಲ್ಲಿ ನಿಂತು ಯೋಚಿಸುವ ಆ ಎರಡು ಗಂಟೆಯೇ ಆ ಡ್ರಿಲ್.